ಗ್ರಾಮದಲ್ಲಿ ರಾಮ, ಸಂಗೀತಾಳಲ್ಲಿ ಗೀತಾ

ಒಂದು ಊರಿನ ಪ್ರೌಢಶಾಲೆ ಎಂದುಕೊಳ್ಳಿ. ಅರ್ಧವಾರ್ಷಿಕ ಪರೀಕ್ಷೆ ಮುಗಿದಿದೆ. ಹಿಂದಿನಂತೆ ತರಗತಿಯ ಮೇಷ್ಟ್ರು ರಾತ್ರಿಯೆಲ್ಲ ಕುಳಿತು ಅಂಕಪಟ್ಟಿಗಳನ್ನು ಕೈಯಲ್ಲಿ ಬರೆಯಬೇಕಾಗಿಲ್ಲ. ಶಾಲೆಗೆ ಕಂಪ್ಯೂಟರ್ ಬಂದಿದೆ. ಹತ್ತನೆಯ ತರಗತಿಯ ಚುರುಕು ಹುಡುಗನೊಬ್ಬ ಪೈಥಾನ್ ಭಾಷೆಯಲ್ಲಿ ಪುಟ್ಟದೊಂದು ಪ್ರೋಗ್ರಾಮ್ ಬರೆದುಕೊಟ್ಟಿದ್ದಾನೆ. ವಿದ್ಯಾರ್ಥಿಯ ಹೆಸರನ್ನು ಒತ್ತಿದರೆ ಸಾಕು, ಅಂಕದ ಚೀಟಿ ಮುದ್ರಣವಾಗಿ ಹೊರಬರುತ್ತದೆ.

ಗೀತಾ ಎಂಬ ಹುಡುಗಿಯ ಚೀಟಿ ಮನೆಗೆ ಹೋಯಿತು. ಗಣಿತದಲ್ಲಿ 34. ಅಪ್ಪನ ಮುಖ ಕೆಂಪಾಯಿತು.

“ಅಪ್ಪಾ, ಇದು ನನ್ನ ಅಂಕ ಅಲ್ಲ. ನಾನು ಚೆನ್ನಾಗಿ ಬರೆದಿದ್ದೀನಿ” ಎಂದಳು ಗೀತಾ.

“ಮೇಷ್ಟ್ರು ಬರೆದಿದ್ದರೆ ತಪ್ಪಿರಬಹುದು ಅನ್ನಬಹುದಿತ್ತು. ಕಂಪ್ಯೂಟರ್ ಕೊಟ್ಟಿದ್ದು ತಪ್ಪಾಗುತ್ತದೇನಮ್ಮಾ?” ಎಂದರು ಅಪ್ಪ.

ಹುಡುಗಿ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ಮರುದಿನ ಉತ್ತರಪತ್ರಿಕೆ ತೆಗೆಸಿ ನೋಡಿದಾಗ ಅದರ ಮೇಲೆ ಕೆಂಪು ಶಾಯಿಯಲ್ಲಿ 81 ಎಂದಿತ್ತು. ಹಾಗಾದರೆ ಆ 34 ಯಾರದು? ಪಟ್ಟಿಯಲ್ಲಿ ಗೀತಾಳಿಗಿಂತ ಮೊದಲೇ ಬರುವ ಸಂಗೀತಾಳದು.

ಕಂಪ್ಯೂಟರ್ ಕೆಟ್ಟಿರಲಿಲ್ಲ. ಅದು ಹೇಳಿದ್ದನ್ನು ಹೇಳಿದಂತೆಯೇ ಮಾಡಿತ್ತು. ‘ಗೀತಾ ಎಂಬುದು ಎಲ್ಲಿದೆಯೋ ನೋಡು, ಕಂಡ ಮೊದಲ ಸಾಲನ್ನು ಮುದ್ರಿಸು’ ಎಂಬುದು ಹುಡುಗನ ಆಜ್ಞೆ. ‘ಸಂಗೀತಾ’ ಎಂಬ ಹೆಸರಿನೊಳಗೆ ‘ಗೀತಾ’ ಇರುವುದು ನಿಜವೇ ತಾನೆ?

ಮಣಿಸರದಂತೆ ಮಾತು

ಮನುಷ್ಯರು ಓದುವಾಗ ಪದಗಳನ್ನು ಕಾಣುತ್ತಾರೆ. ಕಂಪ್ಯೂಟರಿಗೆ ಪದವೆಂಬುದೇ ಗೊತ್ತಿಲ್ಲ. ಅದರ ಪಾಲಿಗೆ ಬರಹವೆಂದರೆ ದಾರದಲ್ಲಿ ಪೋಣಿಸಿದ ಮಣಿಗಳ ಸಾಲು. ಆದ್ದರಿಂದಲೇ ಪ್ರೋಗ್ರಾಮ್ ಬರೆಯುವವರು ಇದನ್ನು ‘ಸ್ಟ್ರಿಂಗ್’, ಅಂದರೆ ಸರ, ಎಂದು ಕರೆಯುತ್ತಾರೆ. ಒಂದೊಂದು ಮಣಿಯೂ ಒಂದು ಸಂಖ್ಯೆ. ಎರಡು ಪದಗಳ ನಡುವಿನ ಖಾಲಿ ಜಾಗವೂ ಅದಕ್ಕೆ ಇನ್ನೊಂದು ಮಣಿಯೇ. ಅದರ ಸಂಖ್ಯೆ 32.

ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಹಂಚಿಕೊಟ್ಟಿರುವ ವ್ಯವಸ್ಥೆಗೆ ಯೂನಿಕೋಡ್ ಎಂದು ಹೆಸರು. ಅದರ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಕನ್ನಡಕ್ಕೆ ಅದರಲ್ಲಿ ಸ್ಥಾನ ಸಿಕ್ಕಿತ್ತು. 3200ರಿಂದ 3327ರವರೆಗಿನ 128 ಮನೆಗಳು ಕನ್ನಡದ ಪಾಲು. ಇದರಲ್ಲಿ ‘ರಾಮ’ ಎಂಬ ಹೆಸರು ಹೀಗೆ ಕೂರುತ್ತದೆ:

ರ = 3248, ಆ-ಕಾರದ ಚಿಹ್ನೆ = 3262, ಮ = 3246.

ಈಗ ‘ಗ್ರಾಮ’ವನ್ನು ನೋಡೋಣ. ಕಾಗದದ ಮೇಲೆ ಬರೆಯುವಾಗ ಗಕಾರಕ್ಕೆ ದೀರ್ಘ ಕೊಟ್ಟು, ಕೆಳಗೆ ರಕಾರದ ಒತ್ತು ಹಾಕುವುದು ರೂಢಿ. ಕಂಪ್ಯೂಟರಿನ ಒಳಗೆ ಒತ್ತಕ್ಷರಕ್ಕೆ ಬೇರೆ ಸಂಖ್ಯೆ ಇಲ್ಲ. ಅಲ್ಲಿ ಅದು ಉಚ್ಚಾರಣೆಯ ಕ್ರಮದಲ್ಲಿಯೇ ಕುಳಿತಿರುತ್ತದೆ:

ಗ = 3223, ಅರ್ಧಾಕ್ಷರ ಮಾಡುವ ಹಲಂತ ಚಿಹ್ನೆ = 3277, ರ = 3248, ಆ-ಕಾರದ ಚಿಹ್ನೆ = 3262, ಮ = 3246.

ಕೊನೆಯ ಮೂರು ಸಂಖ್ಯೆಗಳನ್ನು ಗಮನಿಸಿ: 3248, 3262, 3246. ಅದೇ ರಾಮ! ಕಣ್ಣಿಗೆ ಕಾಣದ ರಾಮ ಗ್ರಾಮದೊಳಗೆ ಇದ್ದಾನೆ. ವಿರಾಮದಲ್ಲೂ ಇದ್ದಾನೆ, ಆರಾಮದಲ್ಲೂ ಇದ್ದಾನೆ.

ಕಂಪ್ಯೂಟರ್ ಹುಡುಕುವ ಸರಳ ವಿಧಾನವೂ ತಿಳಿಯಲು ಸುಲಭ. ಹುಡುಕಬೇಕಾದ ಚಿಕ್ಕ ಸರವನ್ನು ದೊಡ್ಡ ಸರದ ಮೊದಲ ಮಣಿಯ ಪಕ್ಕ ಹಿಡಿಯುವುದು. ಸಂಖ್ಯೆಗಳು ಒಂದಕ್ಕೊಂದು ಸರಿಹೊಂದುತ್ತವೆಯೇ ಎಂದು ನೋಡುವುದು. ಹೊಂದದಿದ್ದರೆ ಒಂದು ಮಣಿ ಮುಂದಕ್ಕೆ ಸರಿಸಿ ಮತ್ತೆ ನೋಡುವುದು. ಇದಕ್ಕಿಂತ ವೇಗದ ವಿಧಾನಗಳೂ ಇವೆ. ಆದರೆ ಯಾವ ವಿಧಾನವಾದರೂ ‘ಇದು ಪದದ ಆರಂಭವೇ, ನಡುವೇ’ ಎಂದು ತಾನಾಗಿ ಕೇಳುವುದಿಲ್ಲ. ‘ಮರ’ ಎಂದು ಹುಡುಕಿದರೆ ಅಮರ, ಸಮರ, ಭ್ರಮರ, ಮರಳು, ಮರಣ, ಕೊನೆಗೆ ಚಾಮರಾಜನಗರ ಕೂಡ ಬಲೆಗೆ ಬೀಳುತ್ತವೆ.

ಊರಿನ ಹೆಸರೇ ಅಪರಾಧ

ಇದು ಶಾಲಾ ಹುಡುಗರು ಮಾತ್ರ ಮಾಡುವ ತಪ್ಪು ಎಂದು ತಿಳಿಯಬೇಡಿ. ದೊಡ್ಡ ದೊಡ್ಡ ಕಂಪನಿಗಳೇ ಇದರಲ್ಲಿ ಎಡವಿವೆ.

ಇಂಗ್ಲೆಂಡಿನಲ್ಲಿ ಸ್ಕಂಥಾರ್ಪ್ ಎಂಬ ಉಕ್ಕಿನ ಕಾರ್ಖಾನೆಯ ಊರಿದೆ. 1996ರಲ್ಲಿ ಆ ಊರಿನವರು ಅಮೆರಿಕದ ಎಒಎಲ್ ಕಂಪನಿಯ ಇಂಟರ್‌ನೆಟ್ ಸೇವೆಗೆ ಹೆಸರು ನೋಂದಾಯಿಸಲು ಹೊರಟಾಗ ಯಂತ್ರ ಅವರನ್ನು ಒಳಗೆ ಬಿಡಲಿಲ್ಲ. ಕಾರಣ? ಆ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದಾಗ ಎರಡನೆಯ ಅಕ್ಷರದಿಂದ ಐದನೆಯ ಅಕ್ಷರದವರೆಗೆ ಓದಿದರೆ ಒಂದು ಅಸಭ್ಯ ಪದ ಬರುತ್ತದೆ. ಬೈಗುಳವನ್ನು ತಡೆಯಲೆಂದು ಇಟ್ಟ ಸೋಸುಬಟ್ಟೆಗೆ ಇಡೀ ಊರೇ ಸಿಕ್ಕಿಹಾಕಿಕೊಂಡಿತು. ಕಂಪನಿ ತಾತ್ಕಾಲಿಕವಾಗಿ ಕಂಡುಕೊಂಡ ಪರಿಹಾರವಂತೂ ಇನ್ನೂ ವಿಚಿತ್ರ: ಊರಿನ ಹೆಸರಿನ ಒಂದು ಅಕ್ಷರವನ್ನೇ ಬದಲಿಸಿ ‘ಸ್ಕಾಂಥಾರ್ಪ್’ ಎಂದು ಬರೆಯುವುದು! ತಮ್ಮ ಊರಿನ ಹೆಸರನ್ನು ಸರಿಯಾಗಿ ಬರೆಯುವ ಹಕ್ಕೇ ಅಲ್ಲಿನವರಿಗೆ ಇಲ್ಲದಂತಾಯಿತು. ಇಂದಿಗೂ ಈ ಬಗೆಯ ತಪ್ಪಿಗೆ ಪ್ರೋಗ್ರಾಮ್ ಬರೆಯುವವರು ‘ಸ್ಕಂಥಾರ್ಪ್ ಸಮಸ್ಯೆ’ ಎಂದೇ ಹೇಳುತ್ತಾರೆ.

ಇನ್ನೊಂದು ಪ್ರಸಂಗ 2002ರಲ್ಲಿ ಬಯಲಿಗೆ ಬಂದದ್ದು. ಯಾಹೂ ಕಂಪನಿಯ ಇ-ಅಂಚೆ ಸೇವೆಯಲ್ಲಿ, ಪತ್ರದೊಳಗೆ ಅಡಗಿ ಬರುವ ಕೇಡಿನ ಪ್ರೋಗ್ರಾಮುಗಳನ್ನು ನಿಷ್ಕ್ರಿಯಗೊಳಿಸಲು ಒಂದು ಉಪಾಯ ಮಾಡಿದ್ದರು. ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ‘ಇವ್ಯಾಲ್’ ಎಂಬ ಆಜ್ಞೆ ಇದೆ. ಇ, ವಿ, ಎ, ಎಲ್ ಎಂಬ ನಾಲ್ಕೇ ಅಕ್ಷರ. ಪತ್ರದಲ್ಲಿ ಅದು ಕಂಡರೆ ಅದರ ಬದಲು ‘ರಿವ್ಯೂ’ ಎಂದು ಹಾಕಿಬಿಡುವುದು. ಆದರೆ ಮಧ್ಯಯುಗಕ್ಕೆ ಸಂಬಂಧಿಸಿದ್ದು ಎಂಬ ಅರ್ಥದ ‘ಮೆಡೀವಲ್’ ಪದದ ಕೊನೆಯ ನಾಲ್ಕು ಅಕ್ಷರಗಳೂ ಇ, ವಿ, ಎ, ಎಲ್ ಅಲ್ಲವೇ? ಪತ್ರ ಬರೆದವರು ‘ಮೆಡೀವಲ್’ ಎಂದು ಬರೆದರೆ ಓದುವವರಿಗೆ ‘ಮೆಡಿರಿವ್ಯೂ’ ಎಂದು ತಲುಪತೊಡಗಿತು. ಯಾವ ನಿಘಂಟಿನಲ್ಲೂ ಇಲ್ಲದ ಈ ಪದ ಅಂಚೆಯಿಂದ ನಕಲಾಗಿ ಬೇರೆ ಬೇರೆ ಬರಹಗಳಿಗೂ ಹರಡಿತು. ಪತ್ರ ಬರೆದವನಿಗೆ ತನ್ನ ಪದ ಬದಲಾದದ್ದು ಗೊತ್ತೇ ಆಗುತ್ತಿರಲಿಲ್ಲ ಎಂಬುದು ಇಲ್ಲಿನ ದೊಡ್ಡ ಅಪಾಯ.

ಎರಡು ಕಡೆಯೂ ತಪ್ಪು ಒಂದೇ. ಪದವನ್ನು ಹುಡುಕುವ ಬದಲು ಅಕ್ಷರಗಳ ಸಾಲನ್ನು ಹುಡುಕಿದ್ದು.

ಗಡಿಗೆ ಅಗಲವೆಷ್ಟು?

ಮತ್ತೆ ನಮ್ಮ ಪ್ರೌಢಶಾಲೆಗೆ ಬರೋಣ. ಹುಡುಗ ತಪ್ಪನ್ನು ಅರಿತು ತಿದ್ದಲು ಕುಳಿತ. ಅವನಿಗೆ ಹೊಳೆದ ಮೊದಲ ಉಪಾಯ: ‘ಗೀತಾ’ ಎಂದು ಹುಡುಕುವ ಬದಲು ಹಿಂದೊಂದು ಮುಂದೊಂದು ಖಾಲಿ ಜಾಗ ಸೇರಿಸಿ ಹುಡುಕುವುದು. ಸಂಗೀತಾಳ ಹೆಸರಿನಲ್ಲಿ ‘ಗೀ’ ಅಕ್ಷರದ ಹಿಂದೆ ಖಾಲಿ ಜಾಗವಿಲ್ಲ; ಆದ್ದರಿಂದ ಅವಳು ತಪ್ಪಿಸಿಕೊಂಡಳು. ಆದರೆ ಗೀತಾಳೂ ಸಿಗಲಿಲ್ಲ! ಪಟ್ಟಿಯ ಸಾಲು ‘31, ಗೀತಾ, 81’ ಎಂದಿತ್ತು. ಹೆಸರಿನ ಮುಂದೆ ಇದ್ದದ್ದು ಖಾಲಿ ಜಾಗವಲ್ಲ, ಅಲ್ಪವಿರಾಮ. ಪದವೊಂದು ಸಾಲಿನ ಮೊದಲಿಗೆ ಬರಬಹುದು, ಕೊನೆಗೆ ಬರಬಹುದು, ಪೂರ್ಣವಿರಾಮದ ಪಕ್ಕ ನಿಲ್ಲಬಹುದು, ಉದ್ಧರಣ ಚಿಹ್ನೆಯ ಒಳಗಿರಬಹುದು. ಖಾಲಿ ಜಾಗವನ್ನು ಮಾತ್ರ ನಂಬಿದರೆ ಇವೆಲ್ಲ ಕೈತಪ್ಪುತ್ತವೆ.

ಈ ತೊಡಕಿಗೆ ಕಂಪ್ಯೂಟರ್ ಪಂಡಿತರು ಬಹಳ ಹಿಂದೆಯೇ ಒಂದು ದಾರಿ ಕಂಡುಕೊಂಡಿದ್ದಾರೆ. ಅಕ್ಷರಗಳ ವಿನ್ಯಾಸವನ್ನು ಸೂತ್ರದಂತೆ ಬರೆಯುವ ‘ರೆಗ್ಯುಲರ್ ಎಕ್ಸ್‌ಪ್ರೆಷನ್’ ಎಂಬ ಪದ್ಧತಿ ಅದು. ಅದರ ಗಣಿತದ ತಳಪಾಯವನ್ನು 1951ರಲ್ಲಿ ಹಾಕಿದವರು ಅಮೆರಿಕದ ತರ್ಕಶಾಸ್ತ್ರಜ್ಞ ಸ್ಟೀಫನ್ ಕ್ಲೀನಿ. ಬೆಲ್ ಪ್ರಯೋಗಾಲಯದ ಕೆನ್ ಥಾಂಪ್ಸನ್ ಅದನ್ನು ಕಂಪ್ಯೂಟರಿನಲ್ಲಿ ಹುಡುಕಾಟಕ್ಕೆ ಬಳಸುವ ಬಗೆಯನ್ನು 1968ರಲ್ಲಿ ಪ್ರಕಟಿಸಿದರು. 1973ರಲ್ಲಿ ಯೂನಿಕ್ಸ್ ವ್ಯವಸ್ಥೆಗಾಗಿ ಅವರೇ ಬರೆದ ‘ಗ್ರೆಪ್’ ಎಂಬ ಹುಡುಕುವ ಆಜ್ಞೆ ಇಂದಿಗೂ ಬಳಕೆಯಲ್ಲಿದೆ.

ಈ ಸೂತ್ರಗಳಲ್ಲಿ ಪದದ ಅಂಚನ್ನು ಸೂಚಿಸಲು ಒಂದು ಗುರುತು ಉಂಟು. ಅನೇಕ ಭಾಷೆಗಳಲ್ಲಿ ಅದನ್ನು ಹಿಂದಕ್ಕೆ ಓರೆಯಾದ ಗೆರೆ ಮತ್ತು ‘ಬಿ’ ಅಕ್ಷರ ಸೇರಿಸಿ ಬರೆಯುತ್ತಾರೆ. ಇದನ್ನು ಗಡಿಗುರುತು ಎನ್ನೋಣ. ಇದರ ವಿಶೇಷವೆಂದರೆ ಇದು ಯಾವ ಮಣಿಯನ್ನೂ ಸೂಚಿಸುವುದಿಲ್ಲ. ಎರಡು ಮಣಿಗಳ ನಡುವಿನ ಜಾಗವನ್ನು ಸೂಚಿಸುತ್ತದೆ. ಎರಡು ಹೊಲಗಳ ನಡುವಿನ ಬದುವಿಗೆ ಅಗಲವಿದೆ, ಅದರ ಮೇಲೆ ನಡೆದಾಡಬಹುದು. ಆದರೆ ಗಡಿಗೆ ಅಗಲವಿದೆಯೇ? ಇಲ್ಲ. ಈಚೆ ಒಬ್ಬನ ಹೊಲ, ಆಚೆ ಇನ್ನೊಬ್ಬನ ಹೊಲ. ನಡುವೆ ಬರಿಯ ಗೆರೆ. ಹಾಗೆಯೇ ಒಂದು ಕಡೆ ಪದಕ್ಕೆ ಸೇರುವ ಅಕ್ಷರ, ಇನ್ನೊಂದು ಕಡೆ ಪದಕ್ಕೆ ಸೇರದ ಚಿಹ್ನೆ ಅಥವಾ ಸಾಲಿನ ತುದಿ, ಇವೆರಡರ ನಡುವೆ ಗಡಿಗುರುತು ಹೊಂದಿಕೊಳ್ಳುತ್ತದೆ. ಎರಡು ಕಡೆಯೂ ಒಂದೇ ಜಾತಿಯವಿದ್ದರೆ ಅಲ್ಲಿ ಗಡಿ ಇಲ್ಲ.

ಹಾಗಾದರೆ ‘ಪದಕ್ಕೆ ಸೇರುವ ಅಕ್ಷರ’ ಯಾವುದು? ಮೂಲದಲ್ಲಿ ಇದನ್ನು ಇಂಗ್ಲಿಷಿನ ದೊಡ್ಡ ಮತ್ತು ಸಣ್ಣ ಅಕ್ಷರಗಳು, ಹತ್ತು ಅಂಕಿಗಳು, ಜೊತೆಗೆ ಅಡಿಗೆರೆ ಎಂದು ಗೊತ್ತುಮಾಡಿದರು. ಪ್ರೋಗ್ರಾಮ್ ಬರೆಯುವವರು ತಮ್ಮ ಪ್ರೋಗ್ರಾಮುಗಳಲ್ಲಿ ಇಡುವ ಹೆಸರುಗಳಿಗೆ ಇದು ಸರಿಯಾಗಿ ಹೊಂದುತ್ತದೆ. ಇಂಗ್ಲಿಷ್ ಬರಹಕ್ಕೇ ಪೂರ್ತಿ ಹೊಂದುವುದಿಲ್ಲ. ‘ಡೋಂಟ್’ ಎಂಬ ಪದದ ನಡುವೆ ಮೇಲೊಂದು ಚುಕ್ಕೆಗೆರೆ ಇದೆಯಲ್ಲ, ಅಲ್ಲಿ ಪದ ಎರಡು ಹೋಳಾಗುತ್ತದೆ. ‘ಸಿ ಪ್ಲಸ್ ಪ್ಲಸ್’ ಎಂಬ ಭಾಷೆಯ ಹೆಸರನ್ನು ಸಿ ಅಕ್ಷರದ ಮುಂದೆ ಎರಡು ಕೂಡುವ ಚಿಹ್ನೆ ಹಾಕಿ ಬರೆಯುತ್ತಾರೆ. ಅದರ ಕೊನೆಗೆ ಗಡಿಗುರುತು ಹಾಕಿ ಹುಡುಕಿದರೆ ಸಾಮಾನ್ಯ ವಾಕ್ಯದಲ್ಲಿ ಅದು ಸಿಗುವುದೇ ಇಲ್ಲ. ಕೂಡುವ ಚಿಹ್ನೆಯೂ ಪದಕ್ಕೆ ಸೇರದ್ದು, ಅದರ ಮುಂದಿನ ಖಾಲಿ ಜಾಗವೂ ಪದಕ್ಕೆ ಸೇರದ್ದು. ನಡುವೆ ಗಡಿ ಎಲ್ಲಿಂದ ಬರಬೇಕು?

ಕಾಗುಣಿತಕ್ಕೆ ಬಿದ್ದ ಪೆಟ್ಟು

ಹುಡುಗ ಪುಸ್ತಕ ನೋಡಿ ಗಡಿಗುರುತನ್ನು ಕಲಿತ. ‘ಗೀತಾ’ ಎಂಬುದರ ಹಿಂದೆ ಮುಂದೆ ಅದನ್ನು ಹಾಕಿ ಪ್ರೋಗ್ರಾಮನ್ನು ಓಡಿಸಿದ. ಈ ಬಾರಿ ಪಟ್ಟಿಯಲ್ಲಿದ್ದ ಗೀತಾ ಸಿಗಲಿಲ್ಲ. ಬದಲಿಗೆ ಗೀತಾಮಣಿ ಎಂಬ ಮೂರನೆಯ ಹುಡುಗಿಯ ಚೀಟಿ ಹೊರಬಂತು! ಬೇಕಾದವಳು ಇಲ್ಲ, ಬೇಡದವಳು ಹಾಜರು.

ಇದು ದೆವ್ವದ ಕೆಲಸವಲ್ಲ. ಕಾರಣ ಕನ್ನಡದ ಕಾಗುಣಿತದಲ್ಲಿದೆ. ಯೂನಿಕೋಡ್ ವ್ಯವಸ್ಥೆಯಲ್ಲಿ ಅ, ಕ, ಮ, ರ ಮುಂತಾದವನ್ನು ‘ಅಕ್ಷರ’ ಎಂಬ ವರ್ಗಕ್ಕೆ ಸೇರಿಸಿದ್ದಾರೆ. ತಲೆಕಟ್ಟು ತೆಗೆದು ಹಚ್ಚುವ ದೀರ್ಘ, ಗುಡಿಸು, ಕೊಂಬು, ಏತ್ವ, ಅನುಸ್ವಾರ, ಹಲಂತ ಇವೆಲ್ಲ ‘ಕೂಡುಗುರುತು’ ಎಂಬ ಬೇರೆ ವರ್ಗ. ಪೈಥಾನ್ ಭಾಷೆಯ ಜೊತೆಗೇ ಬರುವ ಹುಡುಕುವ ಉಪಕರಣ ಅಕ್ಷರ, ಅಂಕಿ, ಅಡಿಗೆರೆ ಇಷ್ಟನ್ನು ಮಾತ್ರ ಪದಕ್ಕೆ ಸೇರಿದವು ಎಂದು ಒಪ್ಪುತ್ತದೆ. ಕೂಡುಗುರುತನ್ನು ಅಲ್ಪವಿರಾಮದಂತೆ ಹೊರಗಿನದೆಂದು ಎಣಿಸುತ್ತದೆ.

ಈಗ ಲೆಕ್ಕ ಹಾಕಿ. ‘ಗೀತಾ’ ಎಂಬುದರ ಕೊನೆಯ ಮಣಿ ದೀರ್ಘದ ಚಿಹ್ನೆ. ಅದು ಹೊರಗಿನದು. ಅದರ ಮುಂದಿನ ಅಲ್ಪವಿರಾಮವೂ ಹೊರಗಿನದು. ನಡುವೆ ಗಡಿ ಇಲ್ಲ, ಗೀತಾ ಸಿಗಲಿಲ್ಲ. ‘ಗೀತಾಮಣಿ’ಯಲ್ಲಿ ದೀರ್ಘದ ಮುಂದೆ ‘ಮ’ ಎಂಬ ಅಕ್ಷರವಿದೆ. ಒಂದು ಹೊರಗಿನದು, ಒಂದು ಒಳಗಿನದು, ಗಡಿ ಸಿಕ್ಕಿತು! ಪದದ ನಟ್ಟನಡುವೆ ಗಡಿಕಲ್ಲು ನೆಟ್ಟಂತಾಯಿತು.

ಗ್ರಾಮದ ಗತಿಯೂ ಇದೇ. ಅಲ್ಲಿ ‘ರ’ ಅಕ್ಷರದ ಹಿಂದೆ ಹಲಂತ ಚಿಹ್ನೆ ಇದೆಯಲ್ಲವೇ? ಅದು ಹೊರಗಿನದಾದ್ದರಿಂದ ‘ರ’ದಿಂದ ಹೊಸ ಪದ ಶುರುವಾಯಿತೆಂದು ಪೈಥಾನ್ ತಿಳಿಯುತ್ತದೆ. ಇಡೀ ಪದವನ್ನೇ ಹುಡುಕು ಎಂದರೂ ಗ್ರಾಮದಲ್ಲಿ ರಾಮ ಸಿಕ್ಕೇ ಸಿಗುತ್ತಾನೆ. ‘ಮರ’ ಹುಡುಕಿದರೆ ‘ಮರಿ’ ಸಿಗುತ್ತದೆ.

ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಇನ್ನೊಂದು ಬಗೆಯ ಕಷ್ಟ. ಅದರ ಗಡಿಗುರುತು ಇಂಗ್ಲಿಷ್ ಅಕ್ಷರಗಳನ್ನು ಮಾತ್ರ ಬಲ್ಲದು. ಕನ್ನಡದ ಯಾವ ಅಕ್ಷರವೂ ಅದಕ್ಕೆ ಅಕ್ಷರವೇ ಅಲ್ಲ. ಶುದ್ಧ ಕನ್ನಡ ವಾಕ್ಯದಲ್ಲಿ ಅದಕ್ಕೆ ಒಂದು ಗಡಿಯೂ ಕಾಣುವುದಿಲ್ಲ.

ಯೂನಿಕೋಡ್ ಸಂಸ್ಥೆಯ ಮಾರ್ಗಸೂಚಿಯಲ್ಲಿ ಕೂಡುಗುರುತುಗಳನ್ನೂ ಪದಕ್ಕೆ ಸೇರಿದವೆಂದೇ ಎಣಿಸಬೇಕು ಎಂದಿದೆ. ಅದನ್ನು ಪಾಲಿಸುವ ಉಪಕರಣಗಳೂ ಇವೆ. ಆದರೆ ಕೈಗೆ ಸಿಕ್ಕ ಉಪಕರಣ ಪಾಲಿಸುತ್ತದೆಯೋ ಇಲ್ಲವೋ ಎಂದು ಪರೀಕ್ಷಿಸಿ ನೋಡದೆ ನಂಬುವಂತಿಲ್ಲ.

ಸರಿಯಾದ ದಾರಿ

ಗಡಿಗುರುತನ್ನು ನೆಚ್ಚದೆ ತಾವೇ ನೆರೆಹೊರೆಯನ್ನು ವಿಚಾರಿಸುವುದು ಕನ್ನಡಕ್ಕೆ ಹೊಂದುವ ವಿಧಾನ. ಅದರ ಹೆಜ್ಜೆಗಳು ಹೀಗಿವೆ:

1. ಹುಡುಕುವ ಮೊದಲು ಎರಡೂ ಬರಹಗಳನ್ನು ಒಂದೇ ರೂಪಕ್ಕೆ ತರಬೇಕು. ‘ಗೀ’ಯಲ್ಲಿರುವ ಈ-ಕಾರದ ಚಿಹ್ನೆಯನ್ನು 3264 ಎಂಬ ಒಂದೇ ಸಂಖ್ಯೆಯಾಗಿ ಇಡಬಹುದು, 3263 ಮತ್ತು 3285 ಎಂಬ ಎರಡು ಸಂಖ್ಯೆಗಳಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ; ಹೋಲಿಸಿದಾಗ ಬೇರೆ ಬೇರೆ. ಒಂದೇ ರೂಪಕ್ಕೆ ತರುವ ಸಿದ್ಧ ಆಜ್ಞೆಗಳು ಪೈಥಾನಿನಲ್ಲೂ ಇತರ ಭಾಷೆಗಳಲ್ಲೂ ಇವೆ.

2. ಬೇಕಾದ ಅಕ್ಷರಗಳ ಸಾಲು ಎಲ್ಲಿ ಸಿಗುತ್ತದೋ ನೋಡಬೇಕು.

3. ಅದರ ಎಡಮಗ್ಗುಲಿನ ಮಣಿಯನ್ನು ನೋಡಬೇಕು. ಅದರ ಸಂಖ್ಯೆ 3200ರಿಂದ 3327ರ ಒಳಗಿದ್ದರೆ ಅದು ಕನ್ನಡದ್ದು. ಅಂದರೆ ಪದ ಇಲ್ಲಿಂದ ಶುರುವಾಗಿಲ್ಲ. ಬಿಟ್ಟು ಮುಂದೆ ಹೋಗಬೇಕು.

4. ಬಲಮಗ್ಗುಲಿನ ಮಣಿಯನ್ನೂ ಹಾಗೆಯೇ ಪರೀಕ್ಷಿಸಬೇಕು. ಕನ್ನಡದ್ದಾದರೆ ಪದ ಇಲ್ಲಿಗೆ ಮುಗಿದಿಲ್ಲ.

5. ಎರಡು ಕಡೆಯೂ ಕನ್ನಡವಲ್ಲದಿದ್ದರೆ, ಅಥವಾ ಸಾಲಿನ ತುದಿಯಾಗಿದ್ದರೆ, ಇಡೀ ಪದ ಸಿಕ್ಕಿತು ಎನ್ನಬಹುದು.

ಇದರಲ್ಲೂ ಒಂದು ಸೂಕ್ಷ್ಮವಿದೆ. ‘ರಾಜ್‌ಕುಮಾರ್’ ಎಂದು ಬರೆಯುವಾಗ ‘ಜ’ಗೆ ‘ಕ’ ಒತ್ತಾಗಿ ಬೀಳದಿರಲೆಂದು ನಡುವೆ ಕಣ್ಣಿಗೆ ಕಾಣದ ಒಂದು ಮಣಿಯನ್ನು ಇಡುತ್ತಾರೆ. ಅದರ ಸಂಖ್ಯೆ 8204; ಕನ್ನಡದ ಮನೆಗಳಿಂದ ದೂರ. ಮೇಲಿನ ನಿಯಮವನ್ನು ಅಕ್ಷರಶಃ ಪಾಲಿಸಿದರೆ ‘ರಾಜ್’ ಎಂಬ ಪದ ಅಲ್ಲಿಗೆ ಮುಗಿಯಿತೆಂದು ಕಂಪ್ಯೂಟರ್ ತಿಳಿದೀತು. ಆದ್ದರಿಂದ ಈ 8204 ಮತ್ತು ಅದರ ಸಂಗಾತಿ 8205, ಇವೆರಡನ್ನೂ ನೆರೆಯವರ ಪಟ್ಟಿಗೆ ಸೇರಿಸಿಕೊಳ್ಳಬೇಕು.

ಈ ವಿಧಾನದಿಂದ ಹುಡುಗನ ಪ್ರೋಗ್ರಾಮ್ ಸರಿಹೋಯಿತು. ಸಂಗೀತಾಳ ‘ಗೀ’ ಹಿಂದೆ ಅನುಸ್ವಾರ ಇದೆ, ಅದರ ಸಂಖ್ಯೆ 3202, ತಿರಸ್ಕಾರ. ಗೀತಾಮಣಿಯ ದೀರ್ಘದ ಮುಂದೆ ‘ಮ’ ಇದೆ, ತಿರಸ್ಕಾರ. ಗೀತಾಳ ಹಿಂದೆ ಖಾಲಿ ಜಾಗ, ಮುಂದೆ ಅಲ್ಪವಿರಾಮ, ಸ್ವೀಕಾರ. 81!

ಆದರೆ ಮೇಷ್ಟ್ರು ಅಷ್ಟಕ್ಕೇ ಬಿಡಲಿಲ್ಲ. “ಸರಿಯಪ್ಪಾ, ತರಗತಿಯಲ್ಲಿ ಇಬ್ಬರು ಗೀತಾ ಇದ್ದರೆ ಏನು ಮಾಡುತ್ತೀಯೆ?” ಎಂದು ಕೇಳಿದರು. ಹುಡುಗ ತಲೆ ಕೆರೆದುಕೊಂಡು, “ದಾಖಲಾತಿ ಸಂಖ್ಯೆಯಿಂದ ಹುಡುಕುತ್ತೇನೆ ಸಾರ್” ಎಂದ. “ಹುಡುಕು. ಆದರೆ 31 ಎಂದು ಹುಡುಕಿದಾಗ 131 ಸಿಕ್ಕೀತು, 310 ಸಿಕ್ಕೀತು, ಯಾರದಾದರೂ ಅಂಕವೇ 31 ಇದ್ದೀತು!” ಹುಡುಗನಿಗೆ ಅರ್ಥವಾಯಿತು. ಸಾಲನ್ನು ಅಲ್ಪವಿರಾಮದ ಕಡೆ ಕತ್ತರಿಸಿ, ಮೊದಲ ತುಂಡನ್ನು ಮಾತ್ರ ತೆಗೆದು, ಅದು 31ಕ್ಕೆ ಪೂರ್ತಿ ಸಮವೇ ಎಂದು ನೋಡಬೇಕು. ‘ಒಳಗೆ ಇದೆಯೇ’ ಎಂಬ ಪ್ರಶ್ನೆ ಬೇರೆ, ‘ಅದೇ ಆಗಿದೆಯೇ’ ಎಂಬ ಪ್ರಶ್ನೆ ಬೇರೆ. ಪಟ್ಟಿಗಳಿಗೆ ಎರಡನೆಯದೇ ಸರಿ. ನೆರೆಹೊರೆ ವಿಚಾರಿಸುವ ವಿಧಾನ ಕಥೆ, ಪಾಠ, ಪತ್ರಗಳಂತಹ ಹರಿಯುವ ಬರಹಕ್ಕೆ.

ವ್ಯಾಕರಣ ಓದಿದ್ದು ದಂಡವಲ್ಲ

ಇಡೀ ಪದವನ್ನೇ ಹುಡುಕುವುದು ಯಾವಾಗಲೂ ಒಳ್ಳೆಯದೇ? ಹಾಗೇನಿಲ್ಲ. ಪರಿಸರದ ಪಾಠವೊಂದರಲ್ಲಿ ಮರದ ವಿಷಯ ಎಲ್ಲೆಲ್ಲಿ ಬಂದಿದೆ ಎಂದು ತಿಳಿಯಬೇಕಾಗಿದೆ. ‘ಮರ’ ಎಂದು ಇಡೀ ಪದ ಹುಡುಕಿದರೆ ಮರವನ್ನು, ಮರದಿಂದ, ಮರಕ್ಕೆ, ಮರದಲ್ಲಿ, ಮರಗಳು ಯಾವುದೂ ಸಿಗುವುದಿಲ್ಲ. ಇಂಗ್ಲಿಷಿನಲ್ಲಿ ಇಂಥ ಸಂಬಂಧಗಳನ್ನು ಬಹುಮಟ್ಟಿಗೆ ಬಿಡಿ ಪದಗಳು ಹೇಳುತ್ತವೆ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಪದಕ್ಕೆ ಅಂಟಿಕೊಂಡೇ ಬರುತ್ತದೆ. ಅಂಟಿದ್ದನ್ನೂ ಸೇರಿಸಿ ಹುಡುಕೋಣವೆಂದರೆ ಮರಣವೂ ಮರಳೂ ನುಗ್ಗುತ್ತವೆ.

ಸಂಧಿಯಂತೂ ಎರಡು ಬಗೆಯ ಹುಡುಕಾಟಕ್ಕೂ ಸವಾಲು. ‘ಊರು’ ಮತ್ತು ‘ಅಲ್ಲಿ’ ಸೇರಿ ‘ಊರಲ್ಲಿ’ ಆಗುವಾಗ ಕೊಂಬೇ ಹಾರಿಹೋಗುತ್ತದೆ. ಲೋಪಸಂಧಿ! ‘ಮಳೆ’ ಮತ್ತು ‘ಕಾಲ’ ಸೇರಿ ‘ಮಳೆಗಾಲ’ ಆದಾಗ ಕಕಾರಕ್ಕೆ ಗಕಾರ ಬರುತ್ತದೆ. ಆದೇಶಸಂಧಿ! ‘ಊರಲ್ಲಿ’ ಎಂಬುದರಲ್ಲಿ ‘ಊರು’ ಎಂದು, ‘ಮಳೆಗಾಲ’ದಲ್ಲಿ ‘ಕಾಲ’ ಎಂದು ಹುಡುಕಿದರೆ ಇಡೀ ಪದವಾಗಿಯೂ ಇಲ್ಲ, ಪದದ ಭಾಗವಾಗಿಯೂ ಇಲ್ಲ. ಓದುವ ಮನುಷ್ಯನಿಗೆ ಮಾತ್ರ ಎರಡೂ ಥಟ್ಟನೆ ತಿಳಿಯುತ್ತವೆ.

ಹಳೆಯ ಶಾಸನಗಳಲ್ಲಿ, ಓಲೆಗರಿಗಳಲ್ಲಿ ಪದಗಳ ನಡುವೆ ಜಾಗ ಬಿಡುತ್ತಿರಲಿಲ್ಲ. ಅಲ್ಲಿ ಪದವನ್ನು ಎಲ್ಲಿ ಒಡೆಯಬೇಕೆಂಬುದು ಇಂದಿಗೂ ವಿದ್ವಾಂಸರ ಕೆಲಸ. ಯೂರೋಪಿನಲ್ಲಿಯೂ ಲ್ಯಾಟಿನ್ ಬರಹವನ್ನು ಒತ್ತೊತ್ತಾಗಿಯೇ ಬರೆಯುತ್ತಿದ್ದರು. ಏಳು-ಎಂಟನೆಯ ಶತಮಾನದಲ್ಲಿ ಐರ್ಲೆಂಡಿನ ಲಿಪಿಕಾರರು ಪದಗಳ ನಡುವೆ ಜಾಗ ಬಿಡುವ ಪದ್ಧತಿಯನ್ನು ರೂಢಿಗೆ ತಂದರು. ಥಾಯ್ ಮತ್ತು ಚೀನೀ ಬರಹಗಳಲ್ಲಿ ಇಂದಿಗೂ ಪದಪದಕ್ಕೆ ಜಾಗವಿಲ್ಲ. ಇಂಥ ಭಾಷೆಗಳನ್ನು ಕಂಪ್ಯೂಟರಿಗೆ ಕಲಿಸಬೇಕಾದರೆ ನಿಘಂಟು, ವ್ಯಾಕರಣ, ಬಳಕೆಯ ಮಾದರಿ ಎಲ್ಲವೂ ಬೇಕು. ಕನ್ನಡದ ಪದವನ್ನು ಅದರ ಪ್ರಕೃತಿ, ಪ್ರತ್ಯಯಗಳಾಗಿ ಬಿಡಿಸುವ ತಂತ್ರಾಂಶ ಬರೆಯುವವನಿಗೆ ಗಣಿತ ಎಷ್ಟು ಬೇಕೋ ಸಂಧಿ, ವಿಭಕ್ತಿಗಳೂ ಅಷ್ಟೇ ಬೇಕು. ‘ಮಗ ಕಂಪ್ಯೂಟರ್ ಓದುತ್ತಾನೆ, ಕನ್ನಡ ವ್ಯಾಕರಣ ಏಕೆ?’ ಎಂದು ಕೇಳುವ ತಂದೆತಾಯಿಗಳು ಇದನ್ನು ಗಮನಿಸುವುದು ಒಳ್ಳೆಯದು.

ಪ್ರೋಗ್ರಾಮ್ ಬರೆಯುವ ಮಕ್ಕಳಿಗೂ ಒಂದು ಮಾತು. ಪ್ರೋಗ್ರಾಮ್ ಓಡಿತು ಎಂದ ಮಾತ್ರಕ್ಕೆ ಅದು ಸರಿ ಎಂದಲ್ಲ. ಸಿಗಬೇಕಾದದ್ದು ಸಿಕ್ಕಿತೇ ಎಂದು ನೋಡುವಷ್ಟೇ ಎಚ್ಚರದಿಂದ, ಸಿಗಬಾರದ್ದು ಸಿಗಲಿಲ್ಲವೇ ಎಂದೂ ನೋಡಬೇಕು. ಗೀತಾಳನ್ನು ಹುಡುಕುವ ಪ್ರೋಗ್ರಾಮನ್ನು ಸಂಗೀತಾ, ಗೀತಾಮಣಿ ಇಬ್ಬರೂ ಇರುವ ಪಟ್ಟಿಯ ಮೇಲೆಯೇ ಪರೀಕ್ಷಿಸಬೇಕು. ಮನೆಯಲ್ಲಿ ಚೀಟಿ ಹಿಡಿದ ಅಪ್ಪನೂ, ಯಂತ್ರದ ಮಾತನ್ನು ನಂಬುವ ಮೊದಲು, ಎದುರಿಗೆ ನಿಂತ ಮಗಳ ಮಾತನ್ನು ಒಂದಿಷ್ಟು ಕೇಳಬಹುದು.

ನೀವೇ ಮಾಡಿ ನೋಡಿ

1. ‘ಕರ’ ಎಂಬ ಅಕ್ಷರಗಳ ಸಾಲು ಈ ಪದಗಳಲ್ಲಿ ಯಾವುದರಲ್ಲಿ ಇಲ್ಲ? ಸಕ್ಕರೆ, ಮಕರ, ಕರಡಿ, ಕಾರ, ಶಂಕರ, ಕರ್ನಾಟಕ.

2. ಪೈಥಾನಿನ ಗಡಿಗುರುತನ್ನು ಎರಡು ಕಡೆಯೂ ಹಾಕಿ ‘ಕರ’ ಹುಡುಕಿದರೆ ಮೇಲಿನ ಯಾವ ಪದಗಳು ತಪ್ಪಾಗಿ ಸಿಗುತ್ತವೆ?

3. ‘ಮರ ಮರ ಮರ’ ಎಂಬ ಸಾಲಿನ ಆದಿಯಲ್ಲೂ ಅಂತ್ಯದಲ್ಲೂ ಒಂದೊಂದು ಖಾಲಿ ಜಾಗ ಸೇರಿಸಲಾಗಿದೆ. ಎರಡು ಕಡೆಯ ಖಾಲಿ ಜಾಗವನ್ನೂ ಸೇರಿಸಿ ‘ಮರ’ವನ್ನು ಹುಡುಕಿ ಎಣಿಸಿದರೆ, ಒಮ್ಮೆ ಬಳಸಿದ ಮಣಿಯನ್ನು ಮತ್ತೆ ಬಳಸದ ಕಂಪ್ಯೂಟರ್ ಎಷ್ಟು ಎಂದು ಹೇಳುತ್ತದೆ?

4. ‘ಬೆಟ್ಟದಾವರೆ’ಯಲ್ಲಿ ‘ತಾವರೆ’ ಏಕೆ ಸಿಗುವುದಿಲ್ಲ?

ಉತ್ತರಗಳು: (1) ಕಾರ, ಅಲ್ಲಿ ‘ಕ’ ಮತ್ತು ‘ರ’ ನಡುವೆ ದೀರ್ಘದ ಚಿಹ್ನೆ ಇದೆ. (2) ಸಕ್ಕರೆ, ಶಂಕರ, ಕರ್ನಾಟಕ. ಮೊದಲನೆಯದರಲ್ಲಿ ಒಂದು ಕಡೆ ಹಲಂತ, ಇನ್ನೊಂದು ಕಡೆ ಎ-ಕಾರದ ಚಿಹ್ನೆ. ಎರಡನೆಯದರಲ್ಲಿ ಹಿಂದೆ ಅನುಸ್ವಾರ. ಮೂರನೆಯದರಲ್ಲಿ ಮುಂದೆ ಹಲಂತ. (3) ಎರಡು. ಮೊದಲ ಮರದ ಮುಂದಿನ ಖಾಲಿ ಜಾಗ ಖರ್ಚಾಗಿಹೋಗುವುದರಿಂದ ನಡುವಿನ ಮರಕ್ಕೆ ಹಿಂದಿನ ಜಾಗ ಉಳಿಯುವುದಿಲ್ಲ. (4) ಆದೇಶಸಂಧಿಯಿಂದ ತಕಾರಕ್ಕೆ ದಕಾರ ಬಂದಿದೆ.